ಬೀಗಿತ್ತಿಯ ಊರಲ್ಲಿ ಅಕ್ಷರಾಭ್ಯಾಸ

ಮಾರತ್ತಹಳ್ಳಿಯ ಬೇಕರಿ

ಮೀರಾ, ತೇಜು,

ಫ್ರಾನ್ಸ್ ಹೇಗಿತ್ತು ಅಜ್ಜಿ ಎಂದು ನೀವಿಬ್ಬರೂ ಕೇಳಿದಾಗ ನಾನು "ಚೆನ್ನಾಗಿತ್ತು" ಎಂದಷ್ಟೇ ಹೇಳಿ, ಹಾಲು ಉಕ್ಕುತ್ತದೆ ಎಂದು ಒಳಗೆ ಓಡಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಎದುರಿಗೆ ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ನಿಮ್ಮ ತಾತ ಇದ್ದಷ್ಟು ಕಾಲ ನನ್ನ ಪಾಲಿನ ಮಾತನ್ನೂ ಅವರೇ ಆಡಿ ಮುಗಿಸುತ್ತಿದ್ದರು. ಬರೆಯುವುದಾದರೆ ಪರವಾಗಿಲ್ಲ. ಕಾಗದ ಮಧ್ಯೆ ಬಾಯಿ ಹಾಕುವುದಿಲ್ಲ.

ನಾವು ಹೋದದ್ದು ಏಕೆಂದು ನಿಮಗೆ ಅರ್ಧ ಗೊತ್ತು. ನಿಮ್ಮಮ್ಮ ಕ್ಲೇರ್‌ಳ ತಾಯಿ, ನೀವು ಮಾಮೀ ಎಂದು ಕರೆಯುವ ಓದೀಲ್, ಲಕ್ವ ಹೊಡೆದು ಆಸ್ಪತ್ರೆ ಸೇರಿದ್ದರು. ಕೈಕಾಲು ನಿಧಾನವಾಗಿ ಸುಧಾರಿಸಿತು, ಮಾತು ಮಾತ್ರ ಬರಲಿಲ್ಲ. ನಿಮಗೆ ಹೇಳದೆ ಉಳಿದ ಅರ್ಧ ಇದು. ಅಲ್ಲಿನ ಡಾಕ್ಟರು ನಾವು ವಾಪಸಾಗುವ ಮುಂಚೆ ಅವರನ್ನು ಪರೀಕ್ಷೆ ಮಾಡುವವರಿದ್ದರು. ತನ್ನ ಹೆಸರು, ಮನೆಯ ವಿಳಾಸ, ಏನು ಸಹಾಯ ಬೇಕು ಎಂಬುದನ್ನು ಅವರು ಫೋನಿನಲ್ಲಿ ಹೇಳಬಲ್ಲರಾದರೆ ತಮ್ಮ ಮನೆಗೆ ಹೋಗಬಹುದು. ಇಲ್ಲದಿದ್ದರೆ ವೃದ್ಧಾಶ್ರಮ. ಜೀವನವಿಡೀ ಒಂದನೆಯ ಕ್ಲಾಸಿನ ಮಕ್ಕಳಿಗೆ ಓದು ಕಲಿಸಿದ ಟೀಚರಿಗೆ ಈಗ ಬಾಯಿಪಾಠದ ಪರೀಕ್ಷೆ.

ನಿಮ್ಮ ಪರೀಕ್ಷೆಯೂ ಅದೇ ಹೊತ್ತಿಗೆ ಬಂದಿದ್ದರಿಂದ ನಿಮ್ಮಪ್ಪ ನಿಮ್ಮ ಜೊತೆ ಕುಂದಲಹಳ್ಳಿಯಲ್ಲೇ ಉಳಿದ. ಕ್ಲೇರ್ ನನ್ನ ಹತ್ತಿರ ಬಂದು, "ಅತ್ತೆ, ನೀವ್ ಬನ್ನಿ. ಒಬ್ಳೇ ಓಗಕ್ಕೆ ಎದ್ರಿಕೆ ಆಯ್ತದೆ," ಎಂದಳು. ವೈಟ್‌ಫೀಲ್ಡಿಗೆ ವಿಮಾನದ ಬಿಡಿಭಾಗದ ಕಂಪನಿಯ ಕೆಲಸಕ್ಕೆಂದು ಬಂದು, ನಮ್ಮ ಮಹಡಿ ಮನೆಗೆ ಬಾಡಿಗೆಗೆ ಸೇರಿ, ಕೊನೆಗೆ ಕೆಳಗಿನ ಮನೆಗೆ ಸೊಸೆಯಾದವಳು. ಕನ್ನಡ ಕಲಿತದ್ದು ನನ್ನಿಂದ. ಅವಳ ಭಾಷೆಯಲ್ಲೂ ಹಕಾರದ ಸದ್ದಿಲ್ಲ, ನಮ್ಮ ಊರ ಮಾತಿನಲ್ಲೂ ಇಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಹಕಾರಕ್ಕೆ ದಿಕ್ಕೇ ಇಲ್ಲದಂತಾಯಿತು. ಆನೇಕಲ್ ಕಡೆಯ ನನ್ನ ಶಾಲೆಯಲ್ಲಿ "ಅಸು" ಎಂದದ್ದಕ್ಕೆ ಮೇಷ್ಟ್ರು ಕೈಮೇಲೆ ಬಾರಿಸುತ್ತಿದ್ದರು. ಒಂದು ದೇಶಕ್ಕೆ ದೇಶವೇ ಹಕಾರ ನುಂಗಿ ದೊಡ್ಡ ಮನುಷ್ಯರಾಗಿರುವುದು ಅವರಿಗೆ ಗೊತ್ತಿರಲಿಲ್ಲ.

ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು, ಅದರಲ್ಲೂ ಬೀಗರ ಮನೆಯವರನ್ನು. ಹೊರಡುವ ದಿನ ಮಾರತ್ತಹಳ್ಳಿಯ ಬೇಕರಿಗೆ ಹೋಗಿ, ನಮ್ಮ ಕಡೆ ಯಾವ ರೋಗಿಗಾದರೂ ಒಯ್ಯುವಂಥದ್ದನ್ನೇ ತಂದೆ. ಒಂದು ದೊಡ್ಡ ಬ್ರೆಡ್ಡು.

ವಿಮಾನ ಇಳಿದ ಮೇಲೆ

ಪ್ಯಾರಿಸ್ಸಿನಲ್ಲಿ ನಾನು ನೋಡಿದ್ದು ಒಂದು ವಿಮಾನ ನಿಲ್ದಾಣ, ಒಂದು ರೈಲು ನಿಲ್ದಾಣ ಮತ್ತು ಇವೆರಡರ ನಡುವೆ ಓಡುವ ಕ್ಲೇರ್‌ಳ ಬೆನ್ನು. ಆ ಕಬ್ಬಿಣದ ಗೋಪುರ ನೋಡಿದಿರಾ ಎಂದು ನಮ್ಮ ಬೀದಿಯವರೆಲ್ಲ ಕೇಳಿದರು. ನೋಡಿದೆ, ರೈಲು ನಿಲ್ದಾಣದ ಅಂಗಡಿಯಲ್ಲಿ ಕೀಲಿಗೊಂಚಲಿಗೆ ನೇತು ಹಾಕಿದ್ದರು.

ಮಾಮೀಯ ಊರು ಚಿಕ್ಕದು. ನದಿ ಇದೆ, ಅದಕ್ಕೊಂದು ಹಳೆಯ ಸೇತುವೆ. ಸೇತುವೆಯ ಹೆಸರಿನದೇ ಬೀದಿಯಲ್ಲಿ ಅವರ ಮನೆ. ಊರಿಡೀ ಎಷ್ಟು ನಿಶ್ಶಬ್ದ ಎಂದರೆ, ಮೊದಲ ದಿನ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡೆ. ನಮ್ಮ ರಿಂಗ್ ರೋಡಿನ ಹಾರನ್ನಿಗೆ ಒಗ್ಗಿದ ಕಿವಿಗೆ ಅಲ್ಲಿ ಕೆಲಸವೇ ಇಲ್ಲ.

ಆಸ್ಪತ್ರೆಯಲ್ಲಿ ಬೀಗಿತ್ತಿ ದಿಂಬಿಗೆ ಒರಗಿ ಕುಳಿತಿದ್ದರು. ತಲೆಗೂದಲು ನೀಟಾಗಿ ಬಾಚಿದ್ದರು. ಕಣ್ಣು ಮಾತ್ರ ಕ್ಲಾಸ್‌ರೂಮಿನಲ್ಲಿ ಗಲಾಟೆ ಮಾಡಿದವರು ಯಾರು ಎಂದು ಹುಡುಕುವ ಹಾಗೆ ಇತ್ತು. ನಾನು ಕೈಮುಗಿದು, ಕಿತ್ತಳೆ ಹಣ್ಣನ್ನೂ ಬ್ರೆಡ್ಡನ್ನೂ ಮೇಜಿನ ಮೇಲಿಟ್ಟೆ. ಅವರು ಬ್ರೆಡ್ಡನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬ್ರೆಡ್ಡನ್ನು ನೋಡಿದರು.

"ವ್ವಾಲಾ," ಎಂದರು.

ನಗಲೂ ಆಗದೆ ಬಿಡಲೂ ಆಗದೆ ಕ್ಲೇರ್ ಕಿಟಕಿಯ ಕಡೆ ತಿರುಗಿದಳು. "ಅತ್ತೆ, ಫ್ರಾನ್ಸ್‌ಗೆ ಬ್ರೆಡ್ ತಂದ್ರಾ? ಅದೂ ಮಾರತ್‌ಅಳ್ಳಿಯಿಂದ?"

"ಉಸಾರಿಲ್ದೋರ್ಗೆ ಇನ್ನೇನ್ ತರ್ತಾರಮ್ಮ?"

ಹೊರಗೆ ಬಂದಾಗ ಅವಳಿಗೆ ನಗು ಬಂದದ್ದೇಕೆಂದು ತಿಳಿಯಿತು. ಬೀದಿಯಲ್ಲಿ ಹೆಂಗಸರು, ಗಂಡಸರು, ಸೈಕಲ್ಲಿನವರು, ನಾಯಿ ಹಿಡಿದವರು, ಎಲ್ಲರ ಕಂಕುಳಲ್ಲೂ ಮಾರುದ್ದದ ಬ್ರೆಡ್ಡು. ನಮ್ಮ ಲೆಕ್ಕದಲ್ಲಿ ಇಡೀ ಊರಿಗೇ ಜ್ವರ.

"ವ್ವಾಲಾ" ಎಂದರೆ "ಇಗೋ, ಇಷ್ಟೇ" ಎಂದಂತೆ. ಲಕ್ವ ಹೊಡೆದ ಮೇಲೆ ಬೀಗಿತ್ತಿಯ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಬಾಯಾರಿದರೂ ವ್ವಾಲಾ, ನರ್ಸಿನ ಮೇಲೆ ಸಿಟ್ಟು ಬಂದರೂ ವ್ವಾಲಾ. ಹೆಚ್ಚು ಮಾತಿಲ್ಲದೆ ಬದುಕಿದವಳಿಗೆ, ಅಂದರೆ ನನಗೆ, ಅದೇನೂ ದೊಡ್ಡ ಕೊರತೆಯಾಗಿ ಮೊದಲು ಕಾಣಲಿಲ್ಲ. ಆಮೇಲೆ ಕ್ಲೇರ್ ವೃದ್ಧಾಶ್ರಮದ ಚಿತ್ರಗಳನ್ನು ಅವರಿಗೆ ತೋರಿಸಿದಳು. ಹೂಕುಂಡ, ಬಿಳಿ ಗೋಡೆ, ನಗುವ ಮುದುಕಿಯರು. ಬೀಗಿತ್ತಿ ಆ ಹಾಳೆಯನ್ನು ಮಡಚಿ ಇನ್ನೂ ಮಡಚಿ ಚಿಕ್ಕದು ಮಾಡಿ ನನ್ನ ಕೈಯಲ್ಲಿಟ್ಟು, ಬಾಗಿಲ ಬಳಿಯ ಕಸದ ಬುಟ್ಟಿ ತೋರಿಸಿದರು. ಆ ಕೆಲಸಕ್ಕೆ ವ್ವಾಲಾ ಕೂಡ ಬೇಕಾಗಲಿಲ್ಲ.

ಆಸ್ಪತ್ರೆಯ ಕ್ಲಾಸು

ಮಾತು ಕಲಿಸಲು ದಿನವೂ ಬೆಳಿಗ್ಗೆ ಒಬ್ಬ ಹುಡುಗಿ ಬರುತ್ತಿದ್ದಳು. ಅವಳ ವಿಧಾನ ಹೀಗೆ: ಪದವನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡಿಗೂ ಎಡಗೈಯಿಂದ ಮೇಜು ತಟ್ಟುತ್ತ, ಹಾಡಿನ ಹಾಗೆ ಹೇಳಿಸುವುದು. ಕೊನೆಯ ತುಂಡಿಗೆ ಮಾತ್ರ ತುಸು ಜೋರಾಗಿ ತಟ್ಟಿ ಎಳೆಯಬೇಕು. ಮಾತು ಮರೆತವರಿಗೂ ತಾಳ ನೆನಪಿರುತ್ತದಂತೆ.

ವಿಧಾನ ಒಳ್ಳೆಯದೇ. ಆದರೆ ಬೀಗಿತ್ತಿ ಒಪ್ಪಲಿಲ್ಲ. ಆರು ವರ್ಷದ ಮಕ್ಕಳಿಗೆ ತಾವು ಮಾಡಿಸುತ್ತಿದ್ದದ್ದನ್ನು, ತಮ್ಮ ಹಳೆಯ ಶಿಷ್ಯೆಯರ ವಯಸ್ಸಿನವಳೊಬ್ಬಳು ತಮ್ಮ ಕೈಯಲ್ಲಿ ಮಾಡಿಸುವುದೇ? ಹುಡುಗಿ ಚಿತ್ರ ಎತ್ತಿ ಹಿಡಿದೊಡನೆ ಅವರು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು.

ಒಂದು ದಿನ ಆಲೂಗಡ್ಡೆಯ ಚಿತ್ರ ಬಂತು. ಬೀಗಿತ್ತಿ ಗೋಡೆ ನೋಡಿದರು. ಹುಡುಗಿಗೆ ಬೇಸರವಾಗಿರಬೇಕು, ಮೂಲೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದ ನನ್ನ ಕಡೆ ಚಿತ್ರ ತಿರುಗಿಸಿ, "ಮದಾಂ?" ಎಂದಳು. ನನ್ನ ಕಿವಿ ಬಿಸಿಯಾಯಿತು. ಕ್ಲೇರ್ ನಕ್ಕು, "ಓದಿ ಅತ್ತೆ, ಕೆಳ್ಗೆ ಬರ್ದದಲ್ಲ," ಎಂದಳು.

ಇಂಗ್ಲಿಷ್ ಅಕ್ಷರ ನನಗೆ ಬರುತ್ತದೆ, ಬಸ್ಸಿನ ಬೋರ್ಡಿಗೆ ಸಾಕಾಗುವಷ್ಟು. ನಮ್ಮ ಮೇಷ್ಟ್ರು ಕಲಿಸಿದ್ದು, ಬರೆದದ್ದನ್ನೆಲ್ಲ ಓದಬೇಕು, ಯಾವ ಅಕ್ಷರವನ್ನೂ ಅನಾಥ ಮಾಡಬಾರದು ಎಂದು. ಅದೇ ಪ್ರಕಾರ, ಮೊದಲ ಅಕ್ಷರಕ್ಕೆ ಉಸಿರು ಕೊಟ್ಟು, ಹೊಲದ ಆಚೆ ಬದಿಯವರನ್ನು ಕೂಗುವ ಹಾಗೆ, "ಪೊಮ್ಮೆ ಡೆ ಟೆರ್ರೆ!" ಎಂದೆ.

ಬೀಗಿತ್ತಿಯ ತಲೆ ಗೋಡೆಯಿಂದ ಗಕ್ಕನೆ ತಿರುಗಿತು.

ಆ ನೋಟವನ್ನು ನಾನು ಮರೆಯಲಾರೆ. ಅನ್ನದಲ್ಲಿ ಕಲ್ಲು ಸಿಕ್ಕಿದವರ ಮುಖ. ಎಡಗೈಯಿಂದ ಮಂಚದ ಕಂಬಿಯನ್ನು ತಟ್ಟಿದರು. ಒಂದು ಮೆಲ್ಲಗೆ, ಒಂದು ಮೆಲ್ಲಗೆ, ಒಂದು ಜೋರಾಗಿ. ಮತ್ತೆ ತಟ್ಟಿದರು, ಈ ಸಲ ತುಟಿಯೂ ಸೇರಿತು. "ಪೊಮ್. ದ. ತೇ...ರ್!"

ಕ್ಲೇರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ವ್ವಾಲಾ ಅಲ್ಲದ ಮೊದಲ ಮಾತು ಅದು.

ನಾನು ಬೇಕೆಂದೇ ತಪ್ಪು ಓದಿ ಬೀಗಿತ್ತಿಯ ಬಾಯಿ ಬಿಡಿಸಿದೆ ಎಂದು ನಿಮ್ಮಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಅಷ್ಟು ಬುದ್ಧಿ ನನಗಿದ್ದರೆ ಅದನ್ನು ಬೇರೆ ಕಡೆಯೂ ಖರ್ಚು ಮಾಡುತ್ತಿದ್ದೆ. ನಾನು ಓದಿದ್ದು ನನಗೆ ಬಂದಷ್ಟೇ.

ಮರುದಿನದಿಂದ ಆ ಹುಡುಗಿ ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿ ನನ್ನನ್ನು ಮುಂದೆ ಕೂರಿಸಿದಳು. ಬೀಗಿತ್ತಿ ಟೀಚರು, ನಾನು ಕ್ಲಾಸು. ಇಡೀ ಕ್ಲಾಸಿನಲ್ಲಿ ನಾನೇ ಕೊನೆಯವಳು.

ಭಾನುವಾರದ ಸಂತೆ

ಅಲ್ಲಿಯ ಪದಗಳ ವಿಷಯ ಸ್ವಲ್ಪ ಹೇಳಬೇಕು. ನಾವು ಆಲೂ ಮತ್ತು ಗಡ್ಡೆ ಸೇರಿಸಿ ಆಲೂಗಡ್ಡೆ ಮಾಡುವ ಹಾಗೆ, ಅವರು ನೆಲದ ಸೇಬು ಎಂದು ಸೇರಿಸುತ್ತಾರೆ. ಬಾವಲಿಗೆ ಅವರು ಅನ್ನುವುದು ಬೋಳು ಇಲಿ. ಆದರೆ ಎರಡು ಪದ ಸೇರಿದ ಮೇಲೆ ಮೊದಲನೆಯದಕ್ಕೆ ಸ್ವಂತ ತೂಕವೇ ಉಳಿಯುವುದಿಲ್ಲ. ಹೊರೆಯೆಲ್ಲ ಕೊನೆಯ ತುಂಡಿನ ಮೇಲೆ. ಬೋಳು ಇಲಿ ಎಂದರೆ ಬೋಳನ್ನು ಹಗುರವಾಗಿ ದಾಟಿ, ಇಲಿಯ ಬಾಲದಲ್ಲಿ ನಿಲ್ಲಬೇಕು: ಷೋವ್-ಸೂ-ರೀ. ಮದುವೆಯಾಗಿ ಬಂದ ಹೆಣ್ಣಿಗೆ ನಮ್ಮ ಕಡೆ ಮಾಡುವ ಏರ್ಪಾಡೂ ಹೆಚ್ಚು ಕಡಿಮೆ ಇದೇ, ಆದ್ದರಿಂದ ನನಗೆ ಬೇಗ ಅರ್ಥವಾಯಿತು. ನಾಲಿಗೆಗೆ ಅರ್ಥವಾಗಲಿಲ್ಲ.

ನಾನು ಶಾಲೆಯಲ್ಲಿ ಕಲಿತ ಲಘು ಗುರುವಿನ ಗುರುತುಗಳನ್ನು ಆ ಪದಗಳ ಮೇಲೆ ಹಾಕಿಕೊಂಡೆ. ಮೇಷ್ಟ್ರು ಹೇಳಿದ್ದಂತೆ, ದೀರ್ಘ ಇದ್ದರೆ ಗುರು, ಮುಂದೆ ಒತ್ತಕ್ಷರ ಇದ್ದರೆ ಗುರು, ಅಂದರೆ ಗುರುವಾಗಲು ಯೋಗ್ಯತೆ ಬೇಕು. ಅಲ್ಲಿ ಹಾಗಿಲ್ಲ. ಕೊನೆಯಲ್ಲಿ ಕೂತವನೇ ಗುರು. ಸರ್ಕಾರಿ ಕಚೇರಿಯ ಕುರ್ಚಿಯ ಹಾಗೆ, ಯಾರು ಕೂತರೂ ಸಾಹೇಬರೇ. ಹಿಂದೆ ಇನ್ನೊಂದು ಪದ ಬಂದು ಸೇರಿತೋ, ಇವನ ಅಧಿಕಾರ ಹೋಯಿತು, ತೂಕವೆಲ್ಲ ಹೊಸಬನಿಗೆ.

ಈ ವಿದ್ಯೆಯ ಧೈರ್ಯದ ಮೇಲೆ ಭಾನುವಾರ ಒಬ್ಬಳೇ ಸಂತೆಗೆ ಹೋದೆ. ಅಲ್ಲಿ ಏನು ಕೊಳ್ಳಬೇಕಾದರೂ ಮೊದಲು "ಬೊಂಜೂರ್", ಅಂದರೆ ನಮಸ್ಕಾರ, ಎನ್ನಬೇಕು. ಬಸ್ ಹತ್ತಿದರೆ ಡ್ರೈವರಿಗೆ ಬೊಂಜೂರ್, ಔಷಧಿ ಅಂಗಡಿಗೆ ಕಾಲಿಟ್ಟರೆ ಅಲ್ಲಿ ಕೂತ ಕೆಮ್ಮಿನವರಿಗೆಲ್ಲ ಬೊಂಜೂರ್. ಮಾರತ್ತಹಳ್ಳಿಯ ಬಸ್ಸಿನಲ್ಲಿ ಹಾಗೆ ಹೇಳುತ್ತ ಕೂತರೆ ಸಿಲ್ಕ್ ಬೋರ್ಡ್ ಬರುವವರೆಗೂ ಮುಗಿಯುವುದಿಲ್ಲ. ಮಾತಿಗೆ ಅಂಜಿ ನಾನು ಎಷ್ಟೋ ಅಂಗಡಿಗಳನ್ನು ಹೊರಗಿನಿಂದಲೇ ನೋಡಿದ್ದೆ.

ಟೊಮೆಟೊ ಚೆನ್ನಾಗಿತ್ತು. ಆನೇಕಲ್ ಸಂತೆಯಲ್ಲಿ ಮಾಡುವ ಹಾಗೆ ಒಂದೆರಡು ಒತ್ತಿ ನೋಡಿದೆ. ಅಂಗಡಿಯಾಕೆ ನನ್ನ ಕೈಯನ್ನು ಕಳ್ಳನ ಕೈ ಹಿಡಿದಂತೆ ಹಿಡಿದಳು. ತರಕಾರಿಯನ್ನು ಅಲ್ಲಿ ಕೊಳ್ಳುವವರು ಮುಟ್ಟಬಾರದಂತೆ. ಮಾರುವವರು ಆರಿಸಿ ಕೊಟ್ಟದ್ದನ್ನು ತೆಗೆದುಕೊಂಡು ಥ್ಯಾಂಕ್ಸ್ ಹೇಳಬೇಕು. ಹಾಗೆ ಮಾಡಿದರೆ ನಮ್ಮ ಕಡೆ ಒಂದೇ ವಾರದಲ್ಲಿ ಕೊಳೆತದ್ದನ್ನೆಲ್ಲ ನಮ್ಮ ಚೀಲಕ್ಕೇ ಸೇರಿಸುತ್ತಾರೆ. ಗಾಬರಿಯಲ್ಲಿ ಪೊಮ್-ದ-ತೇರ್ ಕೇಳಲು ಹೋಗಿ ತೂಕವನ್ನು ಮತ್ತೆ ಮೊದಲಿಗೇ ಇಟ್ಟೆ. ಆಕೆಗೆ ಕೇಳಿಸಿದ್ದು ಪೊಮ್ ಮಾತ್ರ, ಅಂದರೆ ಸೇಬು, ಅದನ್ನೇ ಕೊಟ್ಟಳು. ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ.

ವಾಪಸು ಬರುವಾಗ ಬಸ್ ಡ್ರೈವರಿಗೆ ಮನೆಯ ಬೀದಿಯ ಹೆಸರು ಹೇಳಬೇಕು. ಹಳೆಯ ಸೇತುವೆ ಬೀದಿ. ಬರೆದದ್ದು ಬರೆದ ಹಾಗೆ "ವಿಯೂಕ್ಸ್ ಪೊಂಟ್" ಎಂದೆ. ಅವನು ತುಂಬ ಮರ್ಯಾದೆಯಿಂದ ನನ್ನನ್ನು ಊರಿನ ಇನ್ನೊಂದು ತುದಿಯಲ್ಲಿ ಇಳಿಸಿದ. ಸೇಬಿನ ಚೀಲ ಹಿಡಿದು ನದಿ ಹುಡುಕಿಕೊಂಡು ನಡೆದೆ. ನದಿ ಸಿಕ್ಕರೆ ಸೇತುವೆ ಸಿಗಲೇಬೇಕಲ್ಲ.

ಇದನ್ನು ಕ್ಲೇರ್ ಬೀಗಿತ್ತಿಗೆ ಹೇಳಿದಾಗ ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಚಮಚದಿಂದ ನನ್ನ ಮಣಿಕಟ್ಟಿಗೆ ಒಂದು ಕೊಟ್ಟು, ಮೇಜು ತಟ್ಟಿದರು. ವ್ಯೋ. ಪೋಂ. ಮತ್ತೆ. ವ್ಯೋ. ಪೋಂ. ಬೀದಿ ಎನ್ನಲು ಮುಂದೆ ರ್ಯು ದ್ಯು ಸೇರಿಸಿಕೊಂಡು, ಆ ವಾರವೆಲ್ಲ ಅದೊಂದೇ ಪಾಠ. ನಾನು ತಪ್ಪಿದಷ್ಟೂ ಅವರ ಮಾತು ಹೆಚ್ಚಿತು: "ಅಲ್ಲ." "ಕೇಳು." "ಇನ್ನೊಂದು ಸಲ." "ಕತ್ತೆ," ಎಂದೂ ಅಂದರಂತೆ. ಕ್ಲೇರ್ ಸಂತೋಷದಿಂದ ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು.

ಆದರೆ ಎದುರಿಗೆ ತಪ್ಪು ಇಲ್ಲದಿದ್ದರೆ ಅವರ ಬಾಯಿ ಮತ್ತೆ ವ್ವಾಲಾಕ್ಕೆ ಇಳಿಯುತ್ತಿತ್ತು. ಹೆಸರೇನು ಎಂದು ನರ್ಸ್ ಕೇಳಿದರೆ ವ್ವಾಲಾ. ಇದನ್ನು ಕ್ಲೇರ್ ಗಮನಿಸಿದ್ದಳು. ನಾನು ಗಮನಿಸಲಿಲ್ಲ. ವಿದ್ಯಾರ್ಥಿನಿ ಒಳ್ಳೆಯವಳಾಗುವ ಗಡಿಬಿಡಿಯಲ್ಲಿದ್ದೆ.

ಡಾಕ್ಟರ ಕೋಣೆ

ಪರೀಕ್ಷೆಯ ದಿನ ಬೀಗಿತ್ತಿ ನೀಲಿ ಕೋಟು ಹಾಕಿಕೊಂಡರು. ಗಡ್ಡದ ಡಾಕ್ಟರು ಮೇಜಿನ ಆಚೆ, ನಾವು ಮೂವರು ಈಚೆ.

ಹೆಸರು ಕೇಳಿದರು. ಬೀಗಿತ್ತಿ ಮೊಣಕಾಲ ಮೇಲೆ ತಟ್ಟಿಕೊಂಡು, "ಓ-ದೀಲ್," ಎಂದರು. ಕ್ಲೇರ್ ಉಸಿರು ಬಿಟ್ಟಳು.

ಮನೆ ಎಲ್ಲಿ ಎಂದು ಕೇಳಿದರು.

ಬೀಗಿತ್ತಿಯ ಕೈ ಮೇಲೆದ್ದು ಗಾಳಿಯಲ್ಲೇ ನಿಂತಿತು. ತುಟಿ ಅಲುಗಿತು. "ವ್ವಾಲಾ." ತಲೆ ಕೊಡವಿದರು. "ವ್ವಾಲಾ, ವ್ವಾಲಾ." ಕಣ್ಣಲ್ಲಿ ನೀರು ಬಂತು, ಸಿಟ್ಟಿನ ನೀರು. ಡಾಕ್ಟರು ಕಾದರು. ಒಳ್ಳೆಯ ಮನುಷ್ಯ, ಅವರನ್ನೇ ದಿಟ್ಟಿಸುವುದು ಬೇಡವೆಂದು ನನ್ನ ಕಡೆ ತಿರುಗಿ ನಗುತ್ತ ಏನೋ ಕೇಳಿದರು.

"ನೀವ್ ಎಲ್ಲಿ ಉಳ್ಕೊಂಡಿದೀರಾ ಅಂತ ಕೇಳ್ತಾವ್ರೆ," ಎಂದಳು ಕ್ಲೇರ್.

ನನ್ನ ಟೀಚರ ಮಾನ ಉಳಿಸಬೇಕು ಎಂದು ಮೈಯೆಲ್ಲ ಗಟ್ಟಿ ಮಾಡಿಕೊಂಡೆ. ಮೊದಲಿನದನ್ನು ಹಗುರವಾಗಿ ದಾಟಿ ಕೊನೆಯದರ ಮೇಲೆ ಹೊರೆ ಇಳಿಸಿದೆ. "ರ್ಯು ದ್ಯು ವ್ಯೋ-ಪೋಂ."

"ಬ್ರಾವೋ!" ಎಂದು ಡಾಕ್ಟರು ಮೇಜು ಕುಟ್ಟಿದರು.

ಬೀಗಿತ್ತಿಯ ಮುಖ ಅರಳಿತು. ಹೆಮ್ಮೆಯಿಂದ ನನ್ನ ಭುಜ ತಟ್ಟಿ, ಕುರ್ಚಿಗೆ ಒರಗಿ, ಕೈ ಕಟ್ಟಿಕೊಂಡು ಕೂತರು. ಪಾಠ ಮುಗಿದಿತ್ತು. ಮಗು ಕಲಿತಿತ್ತು. ಇನ್ನು ಅವರು ಹೇಳುವುದೇನೂ ಇರಲಿಲ್ಲ.

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಕ್ಲೇರ್ ನನ್ನನ್ನು ನೋಡಿದಳು. ಆಗ ನನಗೆ ತಿಳಿಯಿತು, ನಾನು ಪಾಸಾಗಿ ಬೀಗಿತ್ತಿಯನ್ನು ಫೇಲು ಮಾಡಿದ್ದೆ ಎಂದು.

ನಾಲ್ಕು ಜನರ ಎದುರು ಬಾಯಿ ಬಿಡದೆ ಇಷ್ಟು ವಯಸ್ಸು ಕಳೆದವಳು ನಾನು. ನಿಮ್ಮ ತಾತನ ತಿಥಿಯ ದಿನ ಕೂಡ ಪುರೋಹಿತರು ಕೇಳಿದ್ದಕ್ಕೆ ತಲೆ ಆಡಿಸಿ ಮುಗಿಸಿದ್ದೆ. ಅಂಥವಳು ಕುರ್ಚಿಯಿಂದ ಎದ್ದು ನಿಂತು, ಆ ಕೋಣೆಯ ಗಾಜು ಅದುರುವ ಹಾಗೆ ಕೂಗಿದೆ. "ವಿಯೂಕ್ಸ್ ಪೊಂಟ್! ವಿಯೂಕ್ಸ್ ಪೊಂಟ್!"

ಡಾಕ್ಟರು ಪೆನ್ನು ಬೀಳಿಸಿದರು.

ಬೀಗಿತ್ತಿ ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು. ಜೀವಮಾನವೆಲ್ಲ ಮಕ್ಕಳ ಮುಖ ಓದಿದ ಕಣ್ಣು ಅದು. ಬಾರದೆ ತಪ್ಪುವವರು ಯಾರು, ಬಂದೂ ತಪ್ಪುವವರು ಯಾರು ಎಂದು ಆ ಕಣ್ಣಿಗೆ ಗೊತ್ತಾಗದೆ ಇರುತ್ತದೆಯೇ? ಅವರ ಕತ್ತು ಕೆಂಪಾಯಿತು. ಕುರ್ಚಿಯ ತೋಳನ್ನು ತಟ್ಟತೊಡಗಿದರು. ಮಾತು ತುಂಡು ತುಂಡಾಗಿ ಬಂತು, ಒಂದೊಂದು ತುಂಡಿನ ಕೊನೆಗೂ ಸರಿಯಾದ ತೂಕ.

"ಏನಂತಾರೆ?" ಎಂದೆ ಕ್ಲೇರ್‌ಗೆ.

"ಸುಳ್ಳಂತೆ, ಅತ್ತೆ." ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಇವ್ಳಿಗೆ ಬರ್ತದೆ, ನಾನೇ ಕಲ್ಸಿದೀನಿ, ಈಗ ನಾಟಕ ಆಡ್ತಾವ್ಳೆ ಅಂತ ಡಾಕ್ಟ್ರಿಗೆ ಯೋಳ್ತಾವ್ರೆ."

ಬೀಗಿತ್ತಿ ಇನ್ನೂ ಮುಗಿಸಿರಲಿಲ್ಲ. ಡಾಕ್ಟರ ಕಡೆ ತಿರುಗಿ, ನನ್ನ ತಪ್ಪನ್ನು ಅವರೆದುರೇ ತಿದ್ದಲೇಬೇಕೆಂಬಂತೆ, "ರ್ಯು. ದ್ಯು. ವ್ಯೋ. ಪೋಂ!" ಎಂದರು. ಒಂದು ಕ್ಷಣ ತಡೆದು, ತಮ್ಮ ಎದೆಯ ಮೇಲೆ ಅದೇ ತಾಳ ತಟ್ಟಿಕೊಂಡು, ಯಾರೂ ಹೇಳಿಕೊಡದ ಇನ್ನೆರಡು ತುಂಡು ಸೇರಿಸಿದರು. "ಷೇ. ಮುವಾ."

"ನನ್ ಮನೆ," ಎಂದಳು ಕ್ಲೇರ್ ಮೆಲ್ಲಗೆ.

ಡಾಕ್ಟರು ಬಗ್ಗಿ ಪೆನ್ನು ಎತ್ತಿಕೊಂಡರು, ಬರೆಯಲಿಲ್ಲ. ಕೈಯನ್ನು ಫೋನಿನಂತೆ ಕಿವಿಗಿಟ್ಟುಕೊಂಡು, ಏನು ಸಹಾಯ ಬೇಕು ಮದಾಂ ಎಂದು ಕೇಳಿದರು. ಬೀಗಿತ್ತಿ ಅವರಿಗೆ ಸ್ವಲ್ಪ ತಾಳಿ ಎಂಬಂತೆ ಬೆರಳೆತ್ತಿದರು. ಮೊದಲು ನನ್ನ ವಿಚಾರಣೆ ಆಗಬೇಕಿತ್ತು. ಅದೇ ಬೆರಳನ್ನು ನನ್ನ ಕಡೆ ತಿರುಗಿಸಿ, ಆಮೇಲೆ ಕೋಣೆಯ ಮೂಲೆಗೆ ತೋರಿಸಿ, "ಓ ಕ್ವಾಂ!" ಎಂದರು.

ನಾನು ಕ್ಲೇರ್‌ಳ ಮುಖ ನೋಡಿದೆ.

"ಮೂಲೇಲಿ ನಿಂತ್ಕೋಬೇಕಂತೆ, ಅತ್ತೆ. ಗೋಡೆ ಕಡೆ ಮುಖ ಮಾಡಿ. ಇಲ್ಲಿ ಸ್ಕೂಲಲ್ಲಿ ಸುಳ್ ಯೋಳಿದೋರ್ಗೆ ಅದೇ ಶಿಕ್ಷೆ."

ಹೋಗಿ ನಿಂತೆ, ಮಕ್ಕಳೇ. ಸೆರಗು ಹೊದ್ದು, ಕೈ ಕಟ್ಟಿ, ಮೂಗು ಗೋಡೆಗೆ ತಾಗುವಷ್ಟು ಹತ್ತಿರ. ನನ್ನ ಬೆನ್ನ ಹಿಂದೆ ಬೀಗಿತ್ತಿ ಮೇಜು ತಟ್ಟುತ್ತ, ಬಾಗಿಲ ಮುಂದಿನ ಮೆಟ್ಟಿಲಿಗೆ ಹಿಡಿಯಲು ಒಂದು ಕಂಬಿ ಬೇಕು, ಬೆಳಿಗ್ಗೆ ಸ್ನಾನಕ್ಕೆ ಒಬ್ಬರು ಬೇಕು ಎಂದು ಡಾಕ್ಟರಿಗೆ ಹೇಳುತ್ತಿದ್ದರು. ಕ್ಲೇರ್ ಅದನ್ನೆಲ್ಲ ಆಮೇಲೆ ಬಿಡಿಸಿ ಹೇಳಿದ್ದು. ನನಗೆ ಕೇಳಿಸಿದ್ದು ತಾಳ ಮಾತ್ರ, ಹಗುರ, ಹಗುರ, ಕೊನೆಗೊಂದು ಗಟ್ಟಿ. ಡಾಕ್ಟರ ಪೆನ್ನು ಅದರ ಹಿಂದೆಯೇ ಓಡುತ್ತಿತ್ತು. ತಿರುಗಿ ನೋಡೋಣ ಎನಿಸಿತು. ಆದರೆ ಟೀಚರು ಇನ್ನೂ ಅಪ್ಪಣೆ ಕೊಟ್ಟಿರಲಿಲ್ಲ.